ಅಮೆರಿಕದ ಲಿಬರ್ಟೇರಿಯನ್ ಪಕ್ಷ ಸರ್ಕಾರಿ ಆರೋಗ್ಯ ವ್ಯವಸ್ಥೆ ಬೇಡ ಅನ್ನುವುದು ಯಾಕೆ? ಬಡವರ ಬಗ್ಗೆ ಅವರಿಗೆ ಕಾಳಜಿ ಇಲ್ವಾ?

ಕಾಳಜಿ ಇಲ್ಲ ಅಂತ ನನಗನ್ನಿಸುವುದಿಲ್ಲ. ನಾನು ಆ ಪಕ್ಷದವನಲ್ಲ, ಅಮೆರಿಕದಲ್ಲಿ ದುಡಿದು ಇನ್ಶೂರೆನ್ಸ್ ಕಟ್ಟುತ್ತಿರುವ ಒಬ್ಬ ಸಾಮಾನ್ಯ ಮನುಷ್ಯ. ಆದರೆ ಅವರ ವಾದವನ್ನು ಪೂರ್ತಿ ಕೇಳದೆ ತಳ್ಳಿಹಾಕುವುದು ತಪ್ಪು ಅಂತ ಗಟ್ಟಿಯಾಗಿ ನಂಬಿದ್ದೇನೆ.

ಸರ್ಕಾರದ ಕೈ ಎಲ್ಲದರಲ್ಲೂ ಆದಷ್ಟು ಕಮ್ಮಿ ಇರಬೇಕು ಅನ್ನುವ ಈ ಪಕ್ಷ ಚಿಕ್ಕದು. 1971ರಲ್ಲಿ ಕೊಲೊರಾಡೊದಲ್ಲಿ ಹುಟ್ಟಿತು. 2016ರಲ್ಲಿ ಗ್ಯಾರಿ ಜಾನ್ಸನ್ ಅಧ್ಯಕ್ಷ ಸ್ಥಾನಕ್ಕೆ ನಿಂತು ನೂರಕ್ಕೆ ಮೂರಕ್ಕಿಂತ ಸ್ವಲ್ಪ ಜಾಸ್ತಿ ಮತ ತೆಗೆದುಕೊಂಡದ್ದೇ ಇದುವರೆಗಿನ ದೊಡ್ಡ ಸಾಧನೆ. ಅವರ ನಿಲುವು ಇಷ್ಟು: ಎಷ್ಟು ಇನ್ಶೂರೆನ್ಸ್ ಬೇಕು, ಬೇಕೋ ಬೇಡವೋ, ಯಾವ ಡಾಕ್ಟರ್, ಯಾವ ಔಷಧಿ, ಇದೆಲ್ಲ ರೋಗಿ ತೀರ್ಮಾನ ಮಾಡಬೇಕು. ಸರ್ಕಾರ ಅಲ್ಲ. ಒಬಾಮಾ ಕೇರ್ ಅನ್ನುವ 2010ರ ಆರೋಗ್ಯ ಇನ್ಶೂರೆನ್ಸ್ ಕಾನೂನು ಅವರಿಗೆ ಬೇಡ, ಮುಖ್ಯವಾಗಿ ವಯಸ್ಸಾದವರಿಗಿರುವ ಮೆಡಿಕೇರ್ ಅನ್ನುವ ಸರ್ಕಾರಿ ಇನ್ಶೂರೆನ್ಸನ್ನು ಎಲ್ಲರಿಗೂ ಕೊಡುವ ಯೋಜನೆಯಂತೂ ಬೇಡವೇ ಬೇಡ.

ಈಗಿನ ಅಮೆರಿಕದ ವ್ಯವಸ್ಥೆ ಮುಕ್ತ ಮಾರುಕಟ್ಟೆ ಅಂತ ನಮ್ಮ ಊರಿನ ಕಡೆ ಎಲ್ಲರೂ ಅಂದುಕೊಂಡಿದ್ದಾರೆ. ಲಿಬರ್ಟೇರಿಯನ್ನರು ಒಪ್ಪದಿರುವುದೇ ಇದನ್ನು, ಮತ್ತು ಇಲ್ಲಿ ಅವರ ಮಾತು ಸರಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಸರ್ಕಾರ ಸಂಬಳ ಏರಿಸದಂತೆ ಕಟ್ಟುಪಾಡು ಹಾಕಿತು. ಸಂಬಳ ಜಾಸ್ತಿ ಕೊಡಲಾಗದ ಕಂಪನಿಗಳು ಕೆಲಸಗಾರರನ್ನು ಸೆಳೆಯಲು ಆರೋಗ್ಯ ಇನ್ಶೂರೆನ್ಸ್ ಕೊಡತೊಡಗಿದವು. 1954ರ ತೆರಿಗೆ ಕಾನೂನು ಆ ಹಣಕ್ಕೆ ತೆರಿಗೆ ಇಲ್ಲ ಅಂತ ಖಾಯಂ ಮಾಡಿತು. ಅಲ್ಲಿಂದ ಇನ್ಶೂರೆನ್ಸ್ ಕೆಲಸಕ್ಕೆ ಅಂಟಿಕೊಂಡಿತು. ಇವತ್ತು ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಇರುವ ಕನ್ನಡದ ಹುಡುಗನ ಕೆಲಸ ಹೋದರೆ ವೀಸಾ ಚಿಂತೆಯ ಜೊತೆಗೇ ಹೆಂಡತಿಯ ಹೆರಿಗೆ ಖರ್ಚಿನ ಚಿಂತೆಯೂ ಶುರುವಾಗುತ್ತದೆ. ಇದನ್ನು ಮಾರುಕಟ್ಟೆ ಮಾಡಲಿಲ್ಲ, ಕಾನೂನು ಮಾಡಿತು.

ಇನ್ನು ಬೆಲೆಯ ವಿಷಯ. ನನಗೆ ಮೊಣಕಾಲಿನ ಎಂಆರ್‌ಐ ಬೇಕಾಗಿತ್ತು. ಎಷ್ಟಾಗುತ್ತದೆ ಅಂತ ಮೊದಲೇ ಕೇಳಿದೆ. ಆಸ್ಪತ್ರೆಯವರು ಇನ್ಶೂರೆನ್ಸ್ ಕಂಪನಿಯನ್ನು ಕೇಳಿ ಅಂದರು, ಕಂಪನಿಯವರು ಆಸ್ಪತ್ರೆಯನ್ನು ಕೇಳಿ ಅಂದರು. ಕೊನೆಗೆ ಮನೆಗೆ ಬಂದ ಕಾಗದದಲ್ಲಿ ಆಸ್ಪತ್ರೆ ಹಾಕಿದ ಬಿಲ್ ಒಂದು ಸಾಲಿನಲ್ಲಿ, ಕಂಪನಿ ಒಪ್ಪಿಕೊಂಡ ದರ ಮತ್ತೊಂದು ಸಾಲಿನಲ್ಲಿ. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕಮ್ಮಿ. ಡಿಡಕ್ಟಿಬಲ್, ಅಂದರೆ ಕಂಪನಿ ಕೊಡಲು ಶುರು ಮಾಡುವ ಮುಂಚೆ ನಾನೇ ಕಟ್ಟಬೇಕಾದ ಮೊತ್ತ, ಮುಗಿದಿರಲಿಲ್ಲ, ಹಾಗಾಗಿ ಅಷ್ಟೂ ನಾನೇ ಕಟ್ಟಿದೆ. ಅದೇ ಊರಿನ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಇನ್ಶೂರೆನ್ಸ್ ತೋರಿಸದೆ ನಗದು ಕೊಟ್ಟಿದ್ದರೆ ಇನ್ನೂ ಕಮ್ಮಿಗೆ ಆಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ದರ್ಶಿನಿಯಲ್ಲಿ ಇಡ್ಲಿ ದರ ಬೋರ್ಡಿನ ಮೇಲೆ ಇರುತ್ತದೆ, ಇಲ್ಲಿ ಸಾವಿರಾರು ಡಾಲರ್‌ನ ದರವನ್ನು ನನಗೆ ಯಾರೂ ಹೇಳಲಿಲ್ಲ. ಅದಕ್ಕೇ ಲಿಬರ್ಟೇರಿಯನ್ನರು ಒಕ್ಲಹೋಮಾದ ಒಂದು ಸರ್ಜರಿ ಸೆಂಟರನ್ನು ಪದೇ ಪದೇ ತೋರಿಸುತ್ತಾರೆ. ಅವರು ಒಂದೊಂದು ಆಪರೇಷನ್‌ನ ಪೂರ್ತಿ ದರವನ್ನು ವೆಬ್‌ಸೈಟ್‌ನಲ್ಲಿ ಹಾಕಿದ್ದಾರೆ.

ಇನ್ನೊಂದು ದೂರು ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಬಹಳಷ್ಟು ರಾಜ್ಯಗಳಲ್ಲಿ ಹೊಸ ಆಸ್ಪತ್ರೆ ಕಟ್ಟಲು, ಕೆಲವು ಕಡೆ ಹೊಸ ಎಂಆರ್‌ಐ ಯಂತ್ರ ತರಲು ಕೂಡ, ಅದರ ಅಗತ್ಯ ಇದೆ ಅಂತ ಸರ್ಕಾರದಿಂದ ಸರ್ಟಿಫಿಕೇಟ್ ಪಡೆಯಬೇಕು. ಆಗಲೇ ಅಲ್ಲಿರುವ ಆಸ್ಪತ್ರೆ ಬಂದು ಆಕ್ಷೇಪಣೆ ಹಾಕಬಹುದು! ನ್ಯೂಯಾರ್ಕ್ 1964ರಲ್ಲಿ ಶುರು ಮಾಡಿದ ಪದ್ಧತಿ ಇದು.

ಸರಿ, ದುಡ್ಡಿಲ್ಲದವರ ಗತಿ? ಜನ ತಾವೇ ಕೂಡಿ ನೋಡಿಕೊಳ್ಳುತ್ತಿದ್ದರು, ಮತ್ತೆ ನೋಡಿಕೊಳ್ಳುತ್ತಾರೆ ಅನ್ನುವುದು ಅವರ ಉತ್ತರ. ಇದು ಸುಮ್ನೆ ಹೇಳುವ ಮಾತಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೂಲಿಯವರು, ವಲಸೆ ಬಂದವರು ಪರಸ್ಪರ ಸಹಾಯ ಸಂಘಗಳನ್ನು ಕಟ್ಟಿಕೊಂಡು, ತಲೆಗೆ ವರ್ಷಕ್ಕೆ ಒಂದೆರಡು ಡಾಲರ್‌ನಂತೆ ಕೊಟ್ಟು ಡಾಕ್ಟರನ್ನು ಗೊತ್ತುಮಾಡಿಕೊಳ್ಳುತ್ತಿದ್ದರು. ಇದನ್ನು ಮುರಿಯಲು ಹಟ ಹಿಡಿದದ್ದು ವೈದ್ಯರ ಸಂಘಗಳು. ಮಿಸಿಸಿಪ್ಪಿಯ ಮೌಂಡ್ ಬಾಯು ಅನ್ನುವ ಪುಟ್ಟ ಊರಿನಲ್ಲಿ ಕರಿಯ ಜನಾಂಗದವರ ಒಂದು ಸಂಘ 1942ರಲ್ಲಿ ಟೇಬೋರಿಯನ್ ಆಸ್ಪತ್ರೆ ತೆರೆಯಿತು. ಹತ್ತಿ ಹೊಲದಲ್ಲಿ ದುಡಿಯುವವರ ವಂತಿಗೆಯಿಂದ ನಡೆದ ಆಸ್ಪತ್ರೆ ಅದು. ಡಾಕ್ಟರ್, ನರ್ಸ್ ಎಲ್ಲ ಅವರವರೇ. ಮುಂಬಾಗಿಲಿನಿಂದ ಒಳಗೆ ಹೋಗಿ ಮರ್ಯಾದೆಯಿಂದ ಚಿಕಿತ್ಸೆ ಪಡೆಯಬಹುದಿತ್ತು. ಅಷ್ಟು ಬಡವರು ಅಷ್ಟು ದೊಡ್ಡ ಕೆಲಸ ಮಾಡಿದರು ಅನ್ನುವುದನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ. 1960ರ ದಶಕದಲ್ಲಿ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಹಣ ಬಂತು, ಆಸ್ಪತ್ರೆ ಸಂಘದ ಕೈ ತಪ್ಪಿತು.

ಆದರೆ ಅವರು ಆ ಆಸ್ಪತ್ರೆ ಕಟ್ಟಿಕೊಳ್ಳಬೇಕಾದದ್ದು ಯಾಕೆ? ದಕ್ಷಿಣದ ಉಳಿದ ಆಸ್ಪತ್ರೆಗಳು ಅವರನ್ನು ಒಳಗೆ ಬಿಡುತ್ತಿರಲಿಲ್ಲ, ಬಿಟ್ಟರೂ ಬೇರೆ ವಾರ್ಡಿನಲ್ಲಿ ಮಲಗಿಸುತ್ತಿದ್ದರು. ಆ ಭೇದವನ್ನು ಮಾರುಕಟ್ಟೆ ಮುರಿಯಲಿಲ್ಲ, ದಾನಧರ್ಮವೂ ಮುರಿಯಲಿಲ್ಲ. ಆಗಿನ ಅಧ್ಯಕ್ಷ ಲಿಂಡನ್ ಜಾನ್ಸನ್ 1965ರಲ್ಲಿ ಮೆಡಿಕೇರ್‌ಗೆ ಸಹಿ ಹಾಕಿದ ಮೇಲೆ, ಬಣ್ಣ ನೋಡಿ ರೋಗಿಯನ್ನು ಬೇರೆ ಮಾಡುವ ಆಸ್ಪತ್ರೆಗೆ ಒಂದು ಡಾಲರೂ ಇಲ್ಲ ಅಂತ ಸರ್ಕಾರ ಹೇಳಿತು. 1966ರಲ್ಲಿ, ಕೆಲವೇ ತಿಂಗಳಲ್ಲಿ, ಹೆಚ್ಚಿನ ಆಸ್ಪತ್ರೆಗಳು ದಾರಿಗೆ ಬಂದವು. ಮೌಂಡ್ ಬಾಯು ಕಥೆ ಹೇಳುವ ಲಿಬರ್ಟೇರಿಯನ್ನರು ಈ ಭಾಗವನ್ನೂ ಹೇಳಬೇಕು ಅಂತ ನನ್ನ ತಕರಾರು.

ಮತ್ತೆ, ಸ್ಕ್ಯಾನ್ ದರ ವಿಚಾರಿಸಿ ನೋಡಬಹುದು. ಎದೆನೋವು ಬಂದವನು ಯಾವ ಬೋರ್ಡ್ ಓದುತ್ತಾನೆ? ಹುಟ್ಟುತ್ತಲೇ ಹೃದಯದ ತೊಂದರೆ ಇರುವ ಮಗುವಿಗೆ ಯಾವ ಕಂಪನಿ ಲಾಭ ನೋಡಿಕೊಂಡು ಇನ್ಶೂರೆನ್ಸ್ ಕೊಡುತ್ತದೆ? ಇಲ್ಲಿಗೆ ಬರುವ ನಮ್ಮ ಅಪ್ಪ ಅಮ್ಮಂದಿರನ್ನೇ ನೋಡಿ. ಅವರಿಗೆ ಕೊಳ್ಳುವ ವಿಸಿಟರ್ ಇನ್ಶೂರೆನ್ಸ್ ಹೆಚ್ಚುಕಮ್ಮಿ ಸ್ವಂತ ಆಯ್ಕೆಯ ಪಾಲಿಸಿಯೇ. ಆದರೆ ಮೊದಲೇ ಇದ್ದ ಕಾಯಿಲೆಗಳನ್ನು ಅದು ಸಾಮಾನ್ಯವಾಗಿ ಹೊರಗಿಡುತ್ತದೆ, ಇಲ್ಲವೇ ಅಲ್ಪಸ್ವಲ್ಪ ಕೊಡುತ್ತದೆ. ಅರವತ್ತೈದು ದಾಟಿದವರಲ್ಲಿ ಬಿಪಿ, ಶುಗರ್ ಇಲ್ಲದವರು ಎಷ್ಟು ಜನ ಸಿಗುತ್ತಾರೆ?

ರೋಗಿ ತನ್ನ ಉಳಿತಾಯದಿಂದಲೇ ಖರ್ಚು ಮಾಡಿದರೆ ಸಾಕು ಅಂತ ಸಿಂಗಾಪುರದ ಉದಾಹರಣೆ ಕೊಡುವವರಿಗೂ ಮಾರುಕಟ್ಟೆಯೊಂದೇ ಸಾಲದು ಅಂತಲೇ ಹೇಳುತ್ತೇನೆ. ಅಲ್ಲಿ 1984ರಿಂದ ದುಡಿಯುವ ನಾಗರಿಕರಿಗೆ ಆರೋಗ್ಯದ ಖರ್ಚಿಗೆ ದುಡ್ಡು ಕೂಡಿಡುವ ಮೆಡಿಸೇವ್ ಖಾತೆ ಇದೆ ನಿಜ, ಆದರೆ ಅದು ಕಡ್ಡಾಯ. ದೊಡ್ಡ ಆಸ್ಪತ್ರೆಗಳಲ್ಲಿ ಬಹುಪಾಲು ಸರ್ಕಾರದವೇ.

ಹಾಗಾಗಿ ನನ್ನ ಉತ್ತರ: ಬೆಲೆ ಯಾಕೆ ಕೆಟ್ಟಿತು ಅನ್ನುವುದನ್ನು ಇವರಿಂದ ಕಲಿಯಿರಿ, ಕೈಲಾಗದವರ ಹೊಣೆಯನ್ನು ಮಾತ್ರ ಸಂಘಗಳಿಗಷ್ಟೇ ಬಿಡಬೇಡಿ. ಅವರ ಕೆಲವು ಬೇಡಿಕೆಗಳು ಅವರ ಪಕ್ಷ ಗೆಲ್ಲದೆಯೂ ನಡೆದಿವೆ. ದಕ್ಷಿಣ ಕೆರೊಲಿನಾ 2023ರಲ್ಲಿ ಆ ಸರ್ಟಿಫಿಕೇಟ್ ಪದ್ಧತಿಯ ಬಹುಭಾಗ ತೆಗೆದುಹಾಕಿತು. ಆಸ್ಪತ್ರೆಗಳು ತಮ್ಮ ದರಗಳನ್ನು ಪ್ರಕಟಿಸಲೇಬೇಕು ಅನ್ನುವ ಫೆಡರಲ್ ನಿಯಮ 2021ರ ಜನವರಿಯಿಂದ ಜಾರಿಯಲ್ಲಿದೆ. ನೀವು ಅಮೆರಿಕದಲ್ಲೇ ಇದ್ದರೆ, ಮುಂದಿನ ಸಲ ಸ್ಕ್ಯಾನ್ ಮಾಡಿಸುವ ಮುಂಚೆ ಆಸ್ಪತ್ರೆಯ ವೆಬ್‌ಸೈಟ್‌ನಲ್ಲಿ ಆ ಪಟ್ಟಿ ತೆಗೆದು ನೋಡಿ, ನಗದು ಕೊಟ್ಟರೆ ಎಷ್ಟು ಅಂತ ಫೋನ್ ಮಾಡಿ ಕೇಳಿ.