ಓದುಗರ ಪ್ರಶ್ನೆ, ಅಭಿಮಾನಿಯ ಉತ್ತರ: ಕಂಠೀರವದಲ್ಲಿ ಗೋಲ್ ಹೊಡೆಯೋದು ಯಾಕಷ್ಟು ಕಷ್ಟ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ನಮ್ಮ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ, ಅಂದ್ರೆ ಬಿಎಫ್‌ಸಿ, ಅದರ ಹೋಮ್ ಸ್ಟೇಡಿಯಂ ಕಂಠೀರವದಲ್ಲಿ ಆಡೋ ಡಿಫೆನ್ಸ್ ಬಗ್ಗೆನೇ. ಕ್ರಿಕೆಟ್ ಪ್ರಶ್ನೆ ಕಳ್ಸಿದೋರು ಬೇಜಾರ್ ಮಾಡ್ಕೋಬೇಡಿ, ಮುಂದಿನ ಸಲ ನೋಡೋಣ. ನಾನು ಕೋಚೂ ಅಲ್ಲ, ಮಾಜಿ ಪ್ಲೇಯರೂ ಅಲ್ಲ, ಟಿಕೆಟ್ ತಗೊಂಡು ಕೂತ್ಕೊಂಡು ಕೂಗೋ ಅಭಿಮಾನಿ, ಅದನ್ನ ಮನಸ್ಸಲ್ಲಿ ಇಟ್ಕೊಂಡೇ ಓದಿ.

ಪ್ರಶ್ನೆ: ಸಾರ್, 2024-25ರ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ನಮ್ಮ ಬಿಎಫ್‌ಸಿ ಕಂಠೀರವದ ಮೊದಲ 4 ಮ್ಯಾಚಲ್ಲಿ ಒಂದೂ ಗೋಲ್ ಬಿಟ್ಕೊಡ್ಲಿಲ್ಲ. ಅದು ಲಕ್ಕಾ, ಗೋಲ್‌ಕೀಪರ್ ಗುರ್‌ಪ್ರೀತ್ ಒಬ್ರಿಂದಲೇ ಆಗಿದ್ದಾ, ಇಲ್ಲ ನಿಜವಾಗ್ಲೂ ಡಿಫೆನ್ಸ್ ಅಷ್ಟು ಗಟ್ಟಿ ಇತ್ತಾ? (ಕಾಲೇಜ್ ವಿದ್ಯಾರ್ಥಿ, ತುಮಕೂರು)

ಲಕ್ಕು ಒಂದು ಮ್ಯಾಚಿಗೆ ಬರುತ್ತೆ, ಎರಡಕ್ಕೆ ಬರುತ್ತೆ, ನಾಲ್ಕಕ್ಕೂ ಬರಲ್ಲ ತಮ್ಮಾ. ನೋಡು, ಸೆಪ್ಟೆಂಬರ್ 14ಕ್ಕೆ ಈಸ್ಟ್ ಬೆಂಗಾಲ್ ಮೇಲೆ 1-0, ಗೋಲ್ ಹೊಡೆದಿದ್ದು ನಮ್ಮ ಅಕಾಡೆಮಿ ಹುಡುಗ ವಿನೀತ್ ವೆಂಕಟೇಶ್. ಆಮೇಲೆ ಹೈದರಾಬಾದ್ ಮೇಲೆ 3-0, ಮೋಹನ್ ಬಗಾನ್ ಮೇಲೆ 3-0, ಅಕ್ಟೋಬರಲ್ಲಿ ಪಂಜಾಬ್ ಮೇಲೆ 1-0. ಹೊಡೆದಿದ್ದು 8, ತಿಂದಿದ್ದು 0. ಅದರಲ್ಲಿ ಮೋಹನ್ ಬಗಾನ್ ಅಂದ್ರೆ ಆ ಸೀಸನ್ ಶೀಲ್ಡೂ (ಲೀಗ್ ಟೇಬಲ್ಲಲ್ಲಿ ಮೊದಲ ಸ್ಥಾನಕ್ಕೆ ಕೊಡೋದು) ಗೆದ್ದು ಕಪ್ಪೂ ಗೆದ್ದ ಟೀಮು, ಅವರನ್ನೇ ಸೊನ್ನೆಗೆ ಕಟ್ಟಿಹಾಕಿ ಕಳಿಸಿದ್ವಿ ಅನ್ನೋದನ್ನ ನಾನಂತೂ ಸಿಕ್ಕಿದೋರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದೆ.

ಈಗ ಕಾರಣಕ್ಕೆ ಬರೋಣ. ಟಿವೀಲಿ ನೋಡೋರಿಗೆ ಡಿಫೆನ್ಸ್ ಅಂದ್ರೆ ಹಿಂದೆ ನಿಂತಿರೋ ನಾಲ್ಕು ಜನ ಮತ್ತೆ ಗೋಲಿ, ಯಾಕಂದ್ರೆ ಕ್ಯಾಮೆರಾ ಬಾಲ್ ಹಿಂದೇನೇ ಓಡುತ್ತೆ. ಸ್ಟೇಡಿಯಂನಲ್ಲಿ ಮೇಲ್ಗಡೆ ಕೂತು ನೋಡಿದ್ರೆ ಬೇರೆನೇ ಕಾಣುತ್ತೆ. ಆ ಸೀಸನ್ನಿನ ಮ್ಯಾಚಲ್ಲಿ ಎದುರಾಳಿ ಗೋಲಿ ತನ್ನ ಸೆಂಟರ್ ಬ್ಯಾಕ್‌ಗೆ (ಹಿಂದೆ ನಡುವೆ ನಿಲ್ಲೋ ಡಿಫೆಂಡರ್) ಸಣ್ಣ ಪಾಸ್ ಕೊಟ್ಟ ಅನ್ಕೋ, ತಕ್ಷಣ ನಮ್ಮ ಸ್ಟ್ರೈಕರ್ ಅವನ ಮೇಲೆ ಹೋಗ್ತಾನೆ, ಆದ್ರೆ ನೇರವಾಗಿ ಹೋಗಲ್ಲ, ಸ್ವಲ್ಪ ಸೊಟ್ಟಗೆ ಓಡ್ತಾನೆ, ಹಂಗೆ ಓಡಿದ್ರೆ ವಾಪಸ್ ಗೋಲಿಗೆ ಕೊಡೋ ದಾರಿ ಮುಚ್ಚಿಹೋಗುತ್ತೆ, ಅವನು ಸೈಡ್ ಲೈನ್ ಕಡೆನೇ ಕೊಡಬೇಕು, ಅಲ್ಲಿ ನಮ್ಮ ವಿಂಗರ್ ಆಗ್ಲೇ ಕಾಯ್ತಿರ್ತಾನೆ, ನಡುವೆ ಪೆಡ್ರೋ ಕಾಪೋ ಸುರೇಶ್ ಸಿಂಗ್ ಇಬ್ರೂ ಪಾಸ್ ಹೋಗೋ ಜಾಗದಲ್ಲೇ ನಿಂತಿರ್ತಾರೆ, ಇನ್ನೇನ್ ಮಾಡ್ತಾನೆ ಪಾಪ, ಕಣ್ಮುಚ್ಚಿ ಉದ್ದಕ್ಕೆ ಒದೀತಾನೆ. ಆ ಉದ್ದ ಬಾಲು ನಮ್ಮ ಸೆಂಟರ್ ಬ್ಯಾಕ್‌ಗಳು ರಾಹುಲ್ ಭೇಕೆ ತಲೆಗೋ ಚಿಂಗ್ಲೆನ್ಸಾನಾ ತಲೆಗೋ ಬರುತ್ತೆ. ಜನ ಚಪ್ಪಾಳೆ ಹೊಡೆಯೋದು ಭೇಕೆಗೆ. ನನ್ನ ಕೇಳಿದ್ರೆ ಅರ್ಧ ಚಪ್ಪಾಳೆ ಮುಂದೆ ಓಡಿದ ಸ್ಟ್ರೈಕರ್‌ಗೆ ಸೇರಬೇಕು. ಆ ಸೀಸನ್ನಿನ ಕೋಚ್ ಜೆರಾರ್ಡ್ ಜರಗೋಜಾ ಅವರ ಟೀಮು ಹೋಮ್ ಮ್ಯಾಚಲ್ಲಿ ಗೋಲ್ ತಿನ್ನದೇ ಇದ್ದಿದ್ದು ಮುಂದುಗಡೆಯಿಂದಲೇ, ಹಿಂದೆ ಗುಂಪು ಕಟ್ಕೊಂಡು ನಿಂತಿದ್ರಿಂದಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ, ಯಾರು ಬೇಕಾದ್ರೂ ಜಗಳಕ್ಕೆ ಬನ್ನಿ.

ಇದಕ್ಕೆ ಒಂದು ಅಪವಾದ ಇದೆ, ಪಂಜಾಬ್ ಮ್ಯಾಚು. ರೋಶನ್ ಸಿಂಗ್ ಫಸ್ಟ್ ಹಾಫ್ ಕೊನೇಲಿ ಗೋಲ್ ಹೊಡೆದ, ಸೆಕೆಂಡ್ ಹಾಫಲ್ಲಿ ಇನ್ನೂ ಅರ್ಧ ಗಂಟೆ ಇರುವಾಗ್ಲೇ ಚಿಂಗ್ಲೆನ್ಸಾನಾಗೆ ಎರಡನೇ ಹಳದಿ ಕಾರ್ಡು, ಹೊರಗೆ. ಹತ್ತೇ ಜನ. ಅಲ್ಲಿಂದ ಮುಂದೆ ಓಡಿ ಒತ್ತಡ ಹಾಕೋ ಪ್ರೆಸ್ಸಿಂಗ್ ಗಿಸ್ಸಿಂಗ್ ಎಲ್ಲ ಬಿಟ್ಟು ಬಾಕ್ಸ್ ಮುಂದೆ ಒತ್ತೊತ್ತಾಗಿ ನಿಂತು ತಡೆಯೋದೇ ಕೆಲಸ. ಆ ಅರ್ಧ ಗಂಟೆ ಇದ್ಯಲ್ಲ, ಮೂರು ಗೋಲ್ ಹೊಡೆದು ಗೆದ್ದ ಮ್ಯಾಚಿಗಿಂತ ನನಗೆ ಅದೇ ಇಷ್ಟ. ಎದುರಾಳಿಗೆ ಒಂದು ಕಾರ್ನರ್ ಸಿಕ್ಕಿದ್ರೂ ಇಡೀ ಸ್ಟ್ಯಾಂಡ್ ಶಿಳ್ಳೆ, ಬಾಲ್ ಕ್ಲಿಯರ್ ಆದ್ರೆ ಗೋಲ್ ಹೊಡೆದಷ್ಟೇ ಗಲಾಟೆ.

ಗುರ್‌ಪ್ರೀತ್ ಬಗ್ಗೆ ಕೇಳಿದ್ಯಲ್ಲ. ನಾರ್ವೆಯ ಸ್ಟಾಬೆಕ್ ಕ್ಲಬ್ಬಿಂದ 2017ರಲ್ಲಿ ಬೆಂಗಳೂರಿಗೆ ಬಂದ್ರು, ಸೀಸನ್ನಿನ ಬೆಸ್ಟ್ ಗೋಲಿಗೆ ಕೊಡೋ ಗೋಲ್ಡನ್ ಗ್ಲೌವ್ 2018-19, 2019-20 ಎರಡು ವರ್ಷ ಸಾಲಾಗಿ ತಗೊಂಡ್ರು. ಆರಡಿ ಮೇಲೆ ಹೈಟು, ಕ್ರಾಸ್ ಬಂದ್ರೆ ಎಲ್ಲರ ತಲೆ ಮೇಲಿಂದ ಎತ್ಕೊಂಡ್ಬಿಡ್ತಾರೆ. ಆದ್ರೆ ಗೋಲ್ ಹಿಂದಗಡೆ ಹತ್ರ ಕೂತ್ರೆ ಗೊತ್ತಾಗೋದು, ಅವರು ಹಿಡಿಯೋದಕ್ಕಿಂತ ಕೂಗೋದೇ ಜಾಸ್ತಿ. ಎಡಕ್ಕೆ ಹೋಗು, ಹಿಂದೆ ನೋಡು, ಲೈನ್ ಮುಂದೆ ತಗೋ, ಇದೇ ತೊಂಬತ್ತು ನಿಮಿಷ. ಆ ಕೂಗಾಟ ಸರಿಯಾಗಿ ನಡೆದ ದಿನ ಸೇವ್ ಮಾಡೋ ಕೆಲಸನೇ ಕಮ್ಮಿ ಬೀಳುತ್ತೆ.

ಪ್ರಶ್ನೆ: ಅಲ್ರೀ, ಮನ್ಯಾಗ ಹುಲಿ ಬೀದ್ಯಾಗ ಇಲಿ ಅಂತಾರಲ್ಲ, ನಿಮ್ಮ ಬಿಎಫ್‌ಸಿ ಕಥಿ ಅದ ಅಲ್ಲೇನ್ರಿ? ಮನ್ಯಾಗರ ಪೂರ್ತಿ ಹುಲಿ ಇತ್ತೇನು, ಜನವರಿ ಒಳಗ ಏನಾತು ಹೇಳ್ರಿ. (ಓದುಗರು, ಹುಬ್ಬಳ್ಳಿ)

ಹುಬ್ಬಳ್ಳಿಯೋರು ಚುಚ್ಚಿದ್ರೂ ಸರಿಯಾದ ಜಾಗಕ್ಕೇ ಚುಚ್ತೀರಿ. ಬೀದೀಲಿ ಪೂರ್ತಿ ಇಲಿ ಅನ್ನೋಕಾಗಲ್ಲ ರೀ, ಅದೇ ಶುರುವಲ್ಲಿ ಮುಂಬೈಗೆ ಹೋಗಿ 0-0 ಮಾಡ್ಕೊಂಡು ಬಂದ್ರು, ಸೀಸನ್ನಿನ ಮೊದಲ ಗೋಲ್ ತಿಂದಿದ್ದೇ 6ನೇ ಮ್ಯಾಚಲ್ಲಿ, ಕೊಚ್ಚಿಯಲ್ಲಿ, ಅದೂ ಪೆನಾಲ್ಟಿ, ಆ ಮ್ಯಾಚೂ 3-1 ಗೆದ್ರು. ಅದಾದ್ಮೇಲೆ ಗೋವಾಗೆ ಹೋಗಿ 0-3, ಭುವನೇಶ್ವರಕ್ಕೆ ಹೋಗಿ 2-4, ಇವೆಲ್ಲ ಇಲಿ ಲೆಕ್ಕಕ್ಕೇ ಬರೆದ್ಕೊಳ್ಳಿ.

ಮನೇಲೂ ಮೊದಲ 4 ಮ್ಯಾಚಿನ ಥರ ಮುಂದುವರೀಲಿಲ್ಲ, ನಿಜ. ನವೆಂಬರಲ್ಲಿ ನಾರ್ತ್‌ಈಸ್ಟ್ ಜೊತೆ 2-2, ಡಿಸೆಂಬರಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ 4-2, ಛೆತ್ರಿ ಹ್ಯಾಟ್ರಿಕ್ ಹೊಡೆದ ಮ್ಯಾಚು ಅದು, ಹಂಗಾಗಿ 2 ಗೋಲ್ ತಿಂದಿದ್ದನ್ನ ಯಾರೂ ಲೆಕ್ಕಕ್ಕೇ ತಗೊಳ್ಲಿಲ್ಲ. ತಗೋಬೇಕಿತ್ತು. ಜನವರಿಯಲ್ಲಿ ಎರಡು ಏಟು ಬಿತ್ತು ನೋಡಿ. ಮೊಹಮ್ಮಡನ್ ಸ್ಪೋರ್ಟಿಂಗ್, ಸೀಸನ್ ಮುಗಿದಾಗ ಟೇಬಲ್ಲಿನ ತಳದಲ್ಲಿದ್ದ ಟೀಮು, ಕಂಠೀರವಕ್ಕೆ ಬಂದು ಕೊನೇ ನಿಮಿಷಗಳಲ್ಲಿ ಒಂದು ಫ್ರೀ ಕಿಕ್ ಹೊಡೆದು 1-0 ಗೆದ್ಕೊಂಡು ಹೋದ್ರು. ಒಡಿಶಾ ಮೇಲೆ 2-0 ಮುಂದಿದ್ವಿ, ಸೋತಿದ್ದು 2-3. ಅವತ್ತು ಸ್ಟೇಡಿಯಂನಿಂದ ಮೆಟ್ರೋ ತನಕ ಯಾರೂ ಯಾರ ಜೊತೆನೂ ಮಾತಾಡ್ತಿರ್ಲಿಲ್ಲ.

ನನಗನ್ಸೋದು ಇಷ್ಟು. ಮುಂದೆ ಓಡೋ ಡಿಫೆನ್ಸ್‌ಗೆ ಕಾಲಲ್ಲಿ ಶಕ್ತಿ ಬೇಕು, ಸೀಸನ್ ನಡುವೆ ಆ ಓಟ ಒಂದೆರಡು ಹೆಜ್ಜೆ ತಡ ಆದ್ರೂ ಸಾಕು, ಎದುರಾಳಿ ತಲೆ ಎತ್ತಿ ನೋಡಿ ಪಾಸ್ ಕೊಡ್ತಾನೆ, ಆಗ ಹಿಂದಿರೋ ನಾಲ್ವರ ನಿಜವಾದ ಪರೀಕ್ಷೆ ಶುರು, ನಮ್ಮ ಸೆಂಟರ್ ಬ್ಯಾಕ್‌ಗಳು ಹಿಂದಕ್ಕೆ ತಿರುಗಿ ಓಡೋ ಪರಿಸ್ಥಿತಿ ಬಂದ್ರೆ ಅಷ್ಟು ಚೆನ್ನಾಗಿ ಕಾಣಲ್ಲ.

ಆದ್ರೆ ಪ್ಲೇಆಫ್, ಅಂದ್ರೆ ಲೀಗ್ ಮುಗಿದ್ಮೇಲೆ ಕಪ್‌ಗೆ ನಡೆಯೋ ನಾಕೌಟು, ಬಂದಾಗ ಕಂಠೀರವ ಮತ್ತೆ ಕಂಠೀರವ ಆಯ್ತು. ಮಾರ್ಚ್ 29, 2025ಕ್ಕೆ ಮುಂಬೈ ಸಿಟಿ ಮೇಲೆ 5-0, ನಾಲ್ಕು ದಿನ ಬಿಟ್ಟು ಸೆಮಿಫೈನಲ್ ಮೊದಲ ಲೆಗ್ಗಲ್ಲಿ (ಒಂದು ಮ್ಯಾಚ್ ಮನೇಲಿ, ಒಂದು ಹೊರಗೆ) ಗೋವಾ ಮೇಲೆ 2-0. ಈ 2-0 ಎಷ್ಟು ಬೆಲೆಬಾಳ್ತು ಅಂತ ಗೊತ್ತಾಗಿದ್ದು ಗೋವಾದಲ್ಲಿ, ಅಲ್ಲಿ 2-1 ಸೋತ್ರೂ ಎರಡೂ ಲೆಗ್ ಸೇರಿಸಿ 3-2, ಛೆತ್ರಿ ಇಂಜುರಿ ಟೈಮಲ್ಲಿ ತಲೆ ಕೊಟ್ಟ ಗೋಲು. ಮನೇಲಿ ಒಂದು ಗೋಲ್ ತಿಂದಿದ್ರೂ ಅವತ್ತು ಎಕ್ಸ್‌ಟ್ರಾ ಟೈಮು, ಪೆನಾಲ್ಟಿ, ಏನೇನೋ ಆಗ್ತಿತ್ತು. ಫೈನಲ್ ಕೋಲ್ಕತ್ತಾದಲ್ಲಿ, ಮುಂದಿದ್ದು ಎಕ್ಸ್‌ಟ್ರಾ ಟೈಮಲ್ಲಿ 1-2 ಸೋತ್ವಿ, ಅದರ ಬಗ್ಗೆ ಇಲ್ಲಿ ಬೇಡ, ಹೊಟ್ಟೆ ಉರಿಯುತ್ತೆ.

ಪ್ರಶ್ನೆ: ಜನ ಕೂಗೋದ್ರಿಂದ ಡಿಫೆನ್ಸ್ ಚೆನ್ನಾಗಾಗುತ್ತೆ ಅನ್ನೋದು ಅಭಿಮಾನಿಗಳ ಭ್ರಮೆ ಅಲ್ವಾ ಮಾರ್ರೆ? (ಓದುಗರು, ಮಂಗಳೂರು)

ಅರ್ಧ ಭ್ರಮೆ ಇರಬಹುದು ಮಾರಾಯ್ರೇ. ಕಂಠೀರವದಲ್ಲಿ ಸುತ್ತಲೂ ಅಥ್ಲೆಟಿಕ್ಸ್ ಟ್ರ್ಯಾಕ್ ಇದೆ, ಜನ ಮೈದಾನದಿಂದ ದೂರ ಕೂತಿರ್ತಾರೆ, ಇಂಗ್ಲೆಂಡಿನ ಸ್ಟೇಡಿಯಂಗಳ ಥರ ಪ್ಲೇಯರ್ ಕಿವೀಲಿ ಹೋಗಿ ಕೂಗೋಕಾಗಲ್ಲ. ಆದ್ರೂ ಒಂದು ವಿಷಯ ಯೋಚನೆ ಮಾಡಿ. ಕೋವಿಡ್ ಟೈಮಲ್ಲಿ 2020-21ರ ಐಎಸ್‌ಎಲ್ ಪೂರ್ತಿ ಗೋವಾದಲ್ಲೇ ಖಾಲಿ ಸ್ಟೇಡಿಯಂನಲ್ಲಿ ನಡೀತು, ಹಿಂದಿನ ವರ್ಷ 3ನೇ ಸ್ಥಾನದಲ್ಲಿದ್ದ ಬಿಎಫ್‌ಸಿ ಆ ವರ್ಷ 7ನೇ ಸ್ಥಾನಕ್ಕೆ ಬಿತ್ತು, ಐಎಸ್‌ಎಲ್‌ಗೆ ಬಂದ್ಮೇಲೆ ಮೊದಲ ಸಲ ಪ್ಲೇಆಫ್ ತಪ್ಪಿತು, ಕೋಚ್ ಕಾರ್ಲೆಸ್ ಕ್ವಾಡ್ರಾಟ್ ನಡುವಲ್ಲೇ ಹೋದ್ರು. ಜನ ಇಲ್ದೇ ಇದ್ದಿದ್ದಕ್ಕೇ ಹಿಂಗಾಯ್ತು ಅಂತ ಪ್ರಮಾಣ ಮಾಡಿ ಹೇಳಲ್ಲ, ಟೀಮಿಗೂ ವಯಸ್ಸಾಗಿತ್ತು. ಆದ್ರೆ ಹತ್ತು ಜನ ಉಳಿದ ಆ ಪಂಜಾಬ್ ಮ್ಯಾಚು ಖಾಲಿ ಸ್ಟೇಡಿಯಂನಲ್ಲಿ ನಡೆದಿದ್ರೆ ಏನಾಗ್ತಿತ್ತು? ನನಗಂತೂ 1-0 ಉಳೀತಿತ್ತು ಅನ್ಸಲ್ಲ. ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನೋ ಅಭಿಮಾನಿ ಬಳಗದ ಹುಡುಗರು ಡೋಲು ಬಡಿಯೋದು ನಿಲ್ಲಿಸಿದ ಐದು ನಿಮಿಷ ಆಟಾನೂ ಮಂಕಾಗುತ್ತೆ, ಬೇಕಾದ್ರೆ ಒಂದು ಸಲ ಬಂದು ನೋಡಿ.

ಪ್ರಶ್ನೆ: ನೀವು ನೋಡಿದ್ರಲ್ಲಿ ಹೋಮ್ ಡಿಫೆನ್ಸ್ ಅಂದ್ರೆ ಜಗತ್ತಲ್ಲಿ ಯಾವ ಟೀಮು? (ಓದುಗರು, ದಾವಣಗೆರೆ)

2004-05ರ ಇಂಗ್ಲೆಂಡಿನ ಚೆಲ್ಸಿ, ಬೇರೆ ಮಾತೇ ಇಲ್ಲ. ಇಡೀ ಲೀಗಲ್ಲಿ 38 ಮ್ಯಾಚಿಗೆ ತಿಂದಿದ್ದು 15 ಗೋಲು, ಅವರ ಹೋಮ್ ಮೈದಾನ ಸ್ಟ್ಯಾಮ್‌ಫರ್ಡ್ ಬ್ರಿಡ್ಜಲ್ಲಿ ಬರೀ 6. ಗೋಲಲ್ಲಿ ಚೆಕ್, ಹಿಂದೆ ಟೆರಿ, ಕಾರ್ವಾಲ್ಯೊ, ಅವರ ಮುಂದೆ ಮಕೆಲೆಲೆ. ಅದೇ ಮೈದಾನದಲ್ಲಿ ಲೀಗ್ ಮ್ಯಾಚ್ 86 ಆಡಿ ಸೋಲದೇ ಇದ್ರು, ಅಕ್ಟೋಬರ್ 2008ರಲ್ಲಿ ಲಿವರ್‌ಪೂಲ್ ಬಂದು 1-0 ಮುರೀತು, ಶಾಬಿ ಅಲೊನ್ಸೊ ಹೊಡೆದಿದ್ದು ಡಿಫೆಂಡರ್‌ಗೆ ತಾಗಿ ತಿರುಗಿ ಒಳಗೆ ಹೋದ ಗೋಲು.

ಪ್ರಶ್ನೆ: ಗೋಲ್ ತಿನ್ನದೇ ಇದ್ರೆ ಸಾಕು, ಕಪ್ ತಾನಾಗೇ ಬರುತ್ತೆ ಅಂತ ನಮ್ಮೆಜಮಾನ್ರು ವಾದ ಮಾಡ್ತಾರೆ. ಹೌದಾ? (ಗೃಹಿಣಿ, ಮೈಸೂರು)

ನಿಮ್ಮೆಜಮಾನ್ರಿಗೆ 2019-20ರ ಬಿಎಫ್‌ಸಿ ಲೆಕ್ಕ ತೋರ್ಸಿ ಅಮ್ಮಾ. ಲೀಗಿನ 18 ಮ್ಯಾಚಲ್ಲಿ ತಿಂದಿದ್ದು 13 ಗೋಲು, ಸೆಮಿಫೈನಲೂ ಸೇರಿ ಗುರ್‌ಪ್ರೀತ್‌ದು 11 ಕ್ಲೀನ್ ಶೀಟು (ಒಂದೂ ಗೋಲ್ ತಿನ್ನದ ಮ್ಯಾಚು). ಆದ್ರೆ ಲೀಗಲ್ಲಿ ಹೊಡೆದಿದ್ದು ಬರೀ 22. ಸೆಮಿಫೈನಲಲ್ಲಿ ಕೋಲ್ಕತ್ತಾದ ಎಟಿಕೆ ಮೇಲೆ ಕಂಠೀರವದಲ್ಲಿ 1-0 ಗೆದ್ರು, ಅಲ್ಲಿಗೆ ಹೋಗಿ ಮೊದಲು ಗೋಲ್ ಹೊಡೆದ್ರೂ 3-1 ಸೋತು ಮನೆಗೆ ಬಂದ್ರು. ಹಂಗಂತ ಅವರ ವಾದ ಪೂರ್ತಿ ತೆಗೆದುಹಾಕಬೇಡಿ, ಅದರ ಹಿಂದಿನ ವರ್ಷ ಫೈನಲಲ್ಲಿ ಗೋವಾ ಮೇಲೆ ಗೆದ್ದಿದ್ದು 1-0, ಎಕ್ಸ್‌ಟ್ರಾ ಟೈಮಲ್ಲಿ, ಹೊಡೆದಿದ್ದು ಡಿಫೆಂಡರ್ ರಾಹುಲ್ ಭೇಕೆ.

ಪ್ರಶ್ನೆ: ಮಗನನ್ನ ಮೊದಲ ಸಲ ಕಂಠೀರವಕ್ಕೆ ಕರ್ಕೊಂಡ್ ಬರ್ತಿದೀನಿ, ಅವನು ಸ್ಕೂಲ್ ಟೀಮಲ್ಲಿ ರೈಟ್ ಬ್ಯಾಕು. ಎಲ್ಲಿ ಕೂರಬೇಕು, ಏನ್ ನೋಡು ಅಂತ ಹೇಳ್ಲಿ? (ತಂದೆ, ಹಾಸನ)

ವೆಸ್ಟ್ ಬ್ಲಾಕಲ್ಲಿ ತೊಂಬತ್ತು ನಿಮಿಷಾನೂ ನಿಂತೇ ಇರ್ತಾರೆ, ಸಣ್ಣೋನಾದ್ರೆ ಏನೂ ಕಾಣಲ್ಲ, ಬೇರೆ ಸ್ಟ್ಯಾಂಡ್ ತಗೊಳ್ಳಿ, ಎಷ್ಟು ಮೇಲೆ ಸಿಗುತ್ತೋ ಅಷ್ಟು ಮೇಲೆ. ಬಾಲ್ ಎಡಗಡೆ ಇರುವಾಗ ಬಲಗಡೆ ಫುಲ್ ಬ್ಯಾಕ್ ಎಲ್ಲಿ ನಿಂತಿದಾನೆ ಅಂತ ಮಾತ್ರ ನೋಡೋಕೆ ಹೇಳಿ, ಸೈಡ್ ಲೈನ್ ಬಿಟ್ಟು ಹೆಚ್ಚುಕಮ್ಮಿ ಸೆಂಟರ್ ಬ್ಯಾಕ್ ಪಕ್ಕಕ್ಕೇ ಬಂದು ನಿಂತಿರ್ತಾನೆ, ಯಾಕೆ ಅಂತ ಅವನೇ ಕೇಳ್ತಾನೆ ನೋಡಿ. ಕಾರಲ್ಲಿ ಬರೋದಾದ್ರೆ ಪಾರ್ಕಿಂಗ್ ಸಿಗಲ್ಲ, ಮೆಟ್ರೋ ಹಿಡೀರಿ.