ಗೊತ್ತಿರುವ ಆಟವನ್ನೇ ಮತ್ತೆ ನೋಡುವ ಸುಖ

ಪ್ರಶ್ನೆ: ಆಮೀರ್ ಖಾನ್ ಅವರ ‘ಸಿತಾರೆ ಜಮೀನ್ ಪರ್’ ಸ್ಪ್ಯಾನಿಷ್ ಚಿತ್ರವೊಂದರ ರೀಮೇಕ್ ಎಂದು ತಿಳಿದ ಮೇಲೆ ಆ ಮೂಲವನ್ನೂ ಅದರ ಹಾಲಿವುಡ್ ರೂಪವನ್ನೂ ಹುಡುಕಿ ನೋಡಿದೆ. ಕಥೆ ಒಂದೇ, ಕೊನೆಯೂ ಒಂದೇ. ಆದರೂ ಮೂರು ಸಲವೂ ನಕ್ಕೆ, ಮೂರು ಸಲವೂ ಕಣ್ಣು ಒದ್ದೆಯಾಯಿತು. ಇದು ಹೇಗೆ?
– ಓದುಗರೊಬ್ಬರು, ಸಿದ್ದಾಪುರ

ಉತ್ತರ: ನಿಮ್ಮ ಊರಿನ ಕಡೆಯವರಿಗೆ ಇದು ಹೊಸ ಅನುಭವವಾಗಿರಲಾರದು. ಯಕ್ಷಗಾನದ ಗದಾಯುದ್ಧದಲ್ಲಿ ಕೌರವ ಬೀಳುತ್ತಾನೆಂದು ಗೊತ್ತಿದ್ದೂ ಇಂದಿನ ಕೌರವ ಯಾರು, ಅವನು ಇಂದು ಯಾವ ಅರ್ಥ ಹೇಳುತ್ತಾನೆ ಎಂಬ ಕುತೂಹಲದಿಂದಲೇ ಜನ ಬೆಳಗಿನವರೆಗೆ ಕೂರುತ್ತಾರಷ್ಟೆ. ಕ್ರೀಡಾ ಹಾಸ್ಯಚಿತ್ರದ ರೀಮೇಕ್ ನಿಲ್ಲುವುದೂ ಈ ಕುತೂಹಲದ ಮೇಲೆಯೇ.

ಹವಿಯೆರ್ ಫೆಸ್ಸೆರ್ ನಿರ್ದೇಶಿಸಿದ ಸ್ಪ್ಯಾನಿಷ್ ಮೂಲ ‘ಕಾಂಪಿಯೋನೆಸ್’ 2018ರಲ್ಲಿ ತೆರೆಕಂಡಿತು. ಸ್ಪೇನಿನ ಚಲನಚಿತ್ರ ಪ್ರಶಸ್ತಿಗಳಾದ ಗೋಯಾದ 2019ರ ಸಮಾರಂಭದಲ್ಲಿ ಅತ್ಯುತ್ತಮ ಚಿತ್ರ ಪ್ರಶಸ್ತಿ ಪಡೆಯಿತು. ಕುಡಿದು ಕಾರು ಓಡಿಸಿ ಪೊಲೀಸ್ ವಾಹನಕ್ಕೆ ಗುದ್ದಿದ ಬಾಸ್ಕೆಟ್‌ಬಾಲ್ ತರಬೇತುದಾರನಿಗೆ ನ್ಯಾಯಾಲಯವು ಬೌದ್ಧಿಕ ಅಂಗವೈಕಲ್ಯವಿರುವ ಆಟಗಾರರ ತಂಡಕ್ಕೆ ತರಬೇತಿ ಕೊಡುವ ಶಿಕ್ಷೆ ವಿಧಿಸುವುದೇ ಇದರ ಕಥೆ. ವಲೆನ್ಸಿಯಾ ಸಮೀಪದ ಬುರ್ಜಸೋಟ್‌ನ ನಿಜವಾದ ತಂಡವೊಂದು ಇದಕ್ಕೆ ಪ್ರೇರಣೆ. 2023ರಲ್ಲಿ ಬಾಬಿ ಫ್ಯಾರೆಲಿ ಈ ಕಥೆಯನ್ನು ವುಡಿ ಹ್ಯಾರಲ್‌ಸನ್ ಅವರೊಂದಿಗೆ ಅಮೆರಿಕದ ಅಯೋವಾಕ್ಕೆ ಕೊಂಡೊಯ್ದರು. 2025ರ ಜೂನ್‌ನಲ್ಲಿ ಆರ್.ಎಸ್. ಪ್ರಸನ್ನ ಅದನ್ನು ದೆಹಲಿಗೆ ತಂದರು. ಮೂರೂ ಕಡೆ ತಂಡದ ಪಾತ್ರಗಳಲ್ಲಿ ಅಂಗವೈಕಲ್ಯವಿರುವ ಕಲಾವಿದರೇ ಇದ್ದಾರೆ. ಹಿಂದಿಯಲ್ಲಿ ಅಂಥವರು ಹತ್ತು ಮಂದಿ. ಅವರ ಮಾತಿನ ಲಯ, ಚೆಂಡು ಕೈಗೆ ಬಂದಾಗಿನ ಸಂಭ್ರಮ, ಉತ್ತರಕ್ಕೆ ಮುನ್ನ ಅವರು ತೆಗೆದುಕೊಳ್ಳುವ ಬಿಡುವು ಇವುಗಳನ್ನು ಒಂದು ಚಿತ್ರದಿಂದ ಇನ್ನೊಂದಕ್ಕೆ ನಕಲು ಮಾಡಲು ಬರುವುದಿಲ್ಲ. ಚಿತ್ರಕಥೆ ಎರವಲಾದರೂ ನಗು ಎರವಲಲ್ಲ.

ಬದಲಾದದ್ದೂ ಇದೆ, ಮತ್ತು ನನಗೆ ಅದೇ ಹೆಚ್ಚು ಮುಖ್ಯ. 2000ದ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಸ್ಪೇನಿನ ಬಾಸ್ಕೆಟ್‌ಬಾಲ್ ತಂಡದ 12 ಆಟಗಾರರಲ್ಲಿ 10 ಮಂದಿಗೆ ಯಾವ ಅಂಗವೈಕಲ್ಯವೂ ಇರಲಿಲ್ಲವೆಂಬುದು ಬಯಲಾಗಿ, ಪದಕವನ್ನು ಹಿಂದಿರುಗಿಸಬೇಕಾಯಿತು. ಆ ವಂಚನೆಯಲ್ಲಿ ಪಾಲಿಲ್ಲದ ಆಟಗಾರರೂ ಪದಕ ಕಳೆದುಕೊಂಡರು. ಮೂಲಚಿತ್ರದಲ್ಲಿ ಆಡಲೊಪ್ಪದ ಆಟಗಾರನೊಬ್ಬನ ಮೌನದ ಹಿಂದೆ ಈ ಗಾಯವಿದೆ. ಸ್ಪೇನಿನ ಪ್ರೇಕ್ಷಕರಿಗೆ ಅದು ತಮ್ಮದೇ ದೇಶದ ಅವಮಾನ. ಅಮೆರಿಕದವರಿಗೆ ಅದು ತಟ್ಟುವಂಥದ್ದಲ್ಲವಾದ್ದರಿಂದ ಅಲ್ಲಿನ ಚಿತ್ರದಲ್ಲಿ ಆಡಲೊಪ್ಪದ ಆಟಗಾರ ಡೇರಿಯಸ್‌ಗೆ ಬೇರೆ ಕಾರಣ ಕೊಟ್ಟರು: ಕುಡಿದ ಚಾಲಕನೊಬ್ಬನಿಂದಲೇ ಅವನ ಮೆದುಳಿಗೆ ಪೆಟ್ಟಾಗಿತ್ತು, ಹಾಗಾಗಿ ಕುಡಿದು ಕಾರು ಓಡಿಸಿದ ತರಬೇತುದಾರನ ಕೈಕೆಳಗೆ ಅವನು ಆಡುವುದಿಲ್ಲ. ದೇಶದ ಗಾಯವೊಂದು ಕೈಬಿಟ್ಟುಹೋಯಿತು ನಿಜ, ಆದರೆ ಕಥಾನಾಯಕನ ತಪ್ಪು ಎದುರಿಗೇ ಬಂದು ನಿಂತಿತು. ಒಳ್ಳೆಯ ರೀಮೇಕ್ ಎಂದರೆ ಇಂಥದ್ದು.

ಪ್ರಶ್ನೆ: ನನ್ನ ತಮ್ಮನಿಗೆ ಡೌನ್ ಸಿಂಡ್ರೋಮ್ ಇದೆ. ಇಂಥ ಚಿತ್ರಗಳಲ್ಲಿ ನಗುವಾಗ ನನಗೆ ಹಿಂಜರಿಕೆಯಾಗುತ್ತದೆ. ನಗಬಹುದೆ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಹಿಂಜರಿಕೆಯನ್ನು ಗೌರವಿಸುತ್ತೇನೆ. ನಗು ಯಾರ ಕಡೆಗೆ ಹೋಗುತ್ತಿದೆ ಎಂದು ನೋಡಿಕೊಂಡರೆ ಉತ್ತರ ನಿಮಗೇ ಸಿಗುತ್ತದೆ. ಹಿಂದಿ ಚಿತ್ರದ ಗುಡ್ಡುವಿಗೆ ನೀರೆಂದರೆ ಭಯ, ಆದ್ದರಿಂದ ಸ್ನಾನವಿಲ್ಲ. ಬುದ್ಧಿಮಾತು ಯಾವುದೂ ನಡೆಯದಿದ್ದಾಗ ತರಬೇತುದಾರ ಗುಲ್ಶನ್ ಬಚ್ಚಲಿನಲ್ಲಿ ಸಿಕ್ಕಿಕೊಂಡ ಒಂದು ಇಲಿಯ ನೆವ ಹೂಡುತ್ತಾನೆ. ಪ್ರಾಣಿಗಳನ್ನು ಕಂಡರೆ ಕರಗುವ ಗುಡ್ಡು, ಅದನ್ನು ಉಳಿಸುವ ಆತುರದಲ್ಲಿ ತನ್ನ ಭಯವನ್ನೇ ಮರೆತು ನೀರಿನಡಿ ನಿಲ್ಲುತ್ತಾನೆ. ಇಲ್ಲಿ ನಾವು ನಗುವುದು ಗುಡ್ಡುವಿನ ಕೊರತೆಗಲ್ಲ. ಅವನ ಭಯಕ್ಕಿಂತ ಅವನ ಅಂತಃಕರಣ ದೊಡ್ಡದೆಂದು ಕಂಡ ಸಂತೋಷಕ್ಕೆ ನಗುತ್ತೇವೆ. ಇನ್ನು ಗುಡ್ಡುವಿನ ಭಯ ಬಿಡಿಸಲು ಹೊರಟ ಆ ಗುಲ್ಶನ್‌ಗೆ ಲಿಫ್ಟ್ ಎಂದರೆ ಎದೆ ನಡುಗುತ್ತದೆ. ಅವನು ಎಲ್ಲೆಡೆ ಮೆಟ್ಟಿಲು ಹತ್ತಿಯೇ ಹೋಗುತ್ತಾನೆ. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಚಿತ್ರವನ್ನು ನೋಡಿ, ಅವನು ಎಲ್ಲಿ ನಗುತ್ತಾನೆಂಬುದನ್ನೂ ಗಮನಿಸಿ.