ವಿನ್ಯಾಸ ಪ್ರದರ್ಶನಗಳ ಹಬ್ಬವಾದ ಲಂಡನ್ ಡಿಸೈನ್ ಫೆಸ್ಟಿವಲ್ ಒಂದೇ ಕಡೆ ನಡೆಯದೆ ಊರಿಡೀ ಹರಡಿಕೊಂಡಿರುವುದು ಯಾಕೆ?
ಯಾಕೆಂದರೆ ಅಲ್ಲಿನ ಹೆಚ್ಚಿನ ಪ್ರದರ್ಶನಗಳನ್ನು ಸಂಘಟಕರು ಮಾಡುವುದೇ ಇಲ್ಲ. ಪೀಠೋಪಕರಣದ ಅಂಗಡಿ, ವಿನ್ಯಾಸಕಾರರ ಸ್ಟುಡಿಯೋ, ಗ್ಯಾಲರಿ, ಕಾಲೇಜು, ಹೀಗೆ ಪ್ರತಿಯೊಬ್ಬರೂ ತಮ್ಮ ಜಾಗದಲ್ಲೇ ತಮ್ಮ ಕೆಲಸವನ್ನು ತೋರಿಸುತ್ತಾರೆ. ಅವನ್ನೆಲ್ಲ ಒಂದು ಹೆಸರು, ಒಂದು ದಿನಾಂಕ, ಒಂದು ಕಾರ್ಯಕ್ರಮ ಪಟ್ಟಿಯಡಿ ತರುವುದು ಸಂಘಟಕರ ಕೆಲಸ.

ಜಾನ್ ಸೊರೆಲ್ ಮತ್ತು ಬೆನ್ ಇವಾನ್ಸ್ 2003ರಲ್ಲಿ ಈ ಹಬ್ಬವನ್ನು ಶುರು ಮಾಡಿದರು. ಪ್ರತಿ ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ಆದರೆ ಇಷ್ಟು ದೊಡ್ಡ ಊರಲ್ಲಿ ಜನ ಎಲ್ಲಿಂದ ಎಲ್ಲಿಗೆ ಹೋಗಬೇಕು? ಅದಕ್ಕೇ ಬ್ರಾಂಪ್ಟನ್, ಶೋರ್ಡಿಚ್‌ನಂಥ ಬಡಾವಣೆಗಳನ್ನು 'ಡಿಸೈನ್ ಡಿಸ್ಟ್ರಿಕ್ಟ್'ಗಳಾಗಿ ಗುರುತಿಸಿದ್ದಾರೆ. ಒಂದು ಬಡಾವಣೆಗೆ ಹೋದರೆ ಹತ್ತಾರು ಜಾಗ ನಡೆದೇ ನೋಡಬಹುದು. 2009ರಿಂದ ಕಲೆ ಮತ್ತು ವಿನ್ಯಾಸದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಈ ಹಬ್ಬದ ಕೇಂದ್ರವಾಯಿತು.

ಬೀದಿಯಲ್ಲಿ ಇಡುವ ಕೆಲವು ದೊಡ್ಡ ಕೃತಿಗಳನ್ನು ಮಾತ್ರ ಸಂಘಟಕರೇ ಮಾಡಿಸುತ್ತಾರೆ. ನನಗೆ ತುಂಬಾ ಇಷ್ಟವಾದದ್ದು 2018ರದು. ಟ್ರಫಾಲ್ಗರ್ ಚೌಕದ ನಾಲ್ಕು ಹಳೆಯ ಸಿಂಹದ ಪ್ರತಿಮೆಗಳ ಜೊತೆಗೆ ರಂಗವಿನ್ಯಾಸಕಿ ಎಸ್ ಡೆವ್ಲಿನ್ ಐದನೆಯದೊಂದನ್ನು ಕೂರಿಸಿದ್ದರು, ಕಣ್ಣು ಕುಕ್ಕುವ ಕೆಂಪು ಬಣ್ಣದ್ದು. ಜನ ಒಂದೊಂದು ಪದ ಕೊಟ್ಟರೆ ಕಂಪ್ಯೂಟರ್ ಅವುಗಳಿಂದ ಕವಿತೆ ಕಟ್ಟುತ್ತಿತ್ತು. ಸುಮ್ನೆ ಆ ದಾರಿಯಲ್ಲಿ ಹೋಗುತ್ತಿದ್ದವರೂ ನಿಂತು ಪದ ಕೊಡಬಹುದಿತ್ತು. ಸಭಾಂಗಣದೊಳಗಾದರೆ ಇದು ಆಗುತ್ತಿರಲಿಲ್ಲ, ಅಲ್ವಾ?